ಸಂಜೆ ನಿಲ್ಲುವ ಫ್ಯಾನು

ನಮ್ಮ ಮನೆಯಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರಿದೆ. 1986ರ ಮಾರ್ಕ್ 4 ಮಾದರಿ, 1489 ಸಿಸಿಯ ಪೆಟ್ರೋಲ್ ಎಂಜಿನ್. ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಅಬ್ಬಾ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. ನಮ್ಮ ಮದುವೆಗಳಿಗೆ ಓಡಿದ್ದು ಅದು, ಬಾಣಂತನಗಳಿಗೆ ಓಡಿದ್ದು ಅದು. ಬೀದಿಯಲ್ಲಿ ಯಾರಿಗಾದರೂ ರಾತ್ರಿ ಹೊತ್ತು ಎದೆ ನೋವು ಬಂದರೆ ಮೊದಲು ತಟ್ಟುತ್ತಿದ್ದದ್ದು ನಮ್ಮ ಮನೆಯ ಬಾಗಿಲನ್ನೇ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಆ ದೂರವನ್ನು ಅದು ಎಷ್ಟು ಸಲ ಕ್ರಮಿಸಿದೆಯೋ, ಯಾರ ಯಾರ ಪ್ರಾಣವನ್ನು ಹೊತ್ತೊಯ್ದಿದೆಯೋ ಲೆಕ್ಕ ಇಟ್ಟವರಿಲ್ಲ. ಅಬ್ಬಾ ಲೆಕ್ಕ ಇಡುತ್ತಿದ್ದದ್ದು ಪೆಟ್ರೋಲು, ಆಯಿಲ್ಲು ಮತ್ತು ಕಿಲೋಮೀಟರಿನದು ಮಾತ್ರ. ಅದಕ್ಕೊಂದು ಉದ್ದನೆಯ ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿ ಸದಾ ಇರುತ್ತಿತ್ತು.

2015ರಲ್ಲಿ ಅಬ್ಬಾ ತೀರಿಕೊಂಡರು. ಆಸ್ತಿಯ ಲೆಕ್ಕ ಬಂದಾಗ ಶರೀಅತ್‌ನ ಪ್ರಕಾರ ಅದು ಎಂಟು ಪಾಲಾಯಿತು. ಅಮ್ಮಿಗೆ ಒಂದು, ಆಪಾಗೆ ಒಂದು, ಮೂವರು ಗಂಡುಮಕ್ಕಳಿಗೆ ತಲಾ ಎರಡು. ಅಂಗಡಿ, ಮನೆ, ಜಮೀನು ಎಲ್ಲಕ್ಕೂ ಈ ಲೆಕ್ಕ ಸರಿಹೋಯಿತು. ಕಾರನ್ನು ಎಂಟು ಪಾಲು ಮಾಡುವುದು ಹೇಗೆ? ಮಾರಿ ದುಡ್ಡು ಹಂಚಿಕೊಳ್ಳಬಹುದಿತ್ತು. ಯಾರಿಗೂ ಮನಸ್ಸು ಬರಲಿಲ್ಲ. ಎಲ್ಲರದಾಗಿಯೇ ಇರಲಿ ಎಂದು ತೀರ್ಮಾನವಾಯಿತು.

ನಾವು ಒಡಹುಟ್ಟಿದವರು ನಾಲ್ವರು ನಾಲ್ಕು ಊರಿನಲ್ಲಿದ್ದೇವೆ. ಭಾಯಿ ಅಮ್ಮಿಯ ಜೊತೆ ಹುಣಸೂರಿನ ಮನೆಯಲ್ಲಿದ್ದಾರೆ. ಆಪಾರನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿದೆ. ಮೂರನೆಯವನು ಕೆ.ಆರ್. ನಗರದಲ್ಲಿ ನೆಲೆಸಿದ್ದಾನೆ. ಕಿರಿಯವನು ಎಚ್.ಡಿ. ಕೋಟೆಯಲ್ಲಿದ್ದುಕೊಂಡು ಸರಗೂರು, ಅಂತರಸಂತೆ ಕಡೆ ಬಟ್ಟೆ ವ್ಯಾಪಾರ ಮಾಡುತ್ತಾನೆ. ಕಾರು ಸರದಿಯ ಮೇಲೆ ಊರಿಂದ ಊರಿಗೆ ಹೋಗುತ್ತದೆ. ಯಾರ ಮನೆಯಲ್ಲಿ ಕಾರ್ಯವೋ ಅವರಿಗೆ ಮೊದಲ ಹಕ್ಕು, ಅಮ್ಮಿಗೆ ಆಸ್ಪತ್ರೆಯ ದಿನ ಬಂದರೆ ಮಿಕ್ಕ ಹಕ್ಕೆಲ್ಲ ರದ್ದು. ಇಷ್ಟೇ ಕಾನೂನು.

ಈ ಕಾರಿನ ಫ್ಯಾನು 2024ರ ಬೇಸಿಗೆಯಲ್ಲಿ ನಮ್ಮನ್ನು ಕಾಡಿದ ಕಥೆ ಬರೆಯಬೇಕು ಅನ್ನಿಸಿದ್ದು, ಅದು ಬರೀ ಫ್ಯಾನಿನ ಕಥೆಯಾಗಿ ಉಳಿಯಲಿಲ್ಲ ಎಂಬ ಕಾರಣಕ್ಕೆ.

ಮೊದಲು ಫ್ಯಾನಿನ ವಿಷಯ ಹೇಳಿಬಿಡುತ್ತೇವೆ. ಎಂಜಿನ್ನಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಸ್ವಲ್ಪವೇ. ಉಳಿದದ್ದನ್ನು ಹೊರಕ್ಕೆ ಸಾಗಿಸಬೇಕು. ನೀರು ಎಂಜಿನ್ನಿನ ಸುತ್ತ ಹರಿದು ಶಾಖ ಹೀರಿಕೊಂಡು ರೇಡಿಯೇಟರಿಗೆ ಬರುತ್ತದೆ, ಅಲ್ಲಿ ಗಾಳಿಗೆ ಅದನ್ನು ಬಿಟ್ಟುಕೊಟ್ಟು ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ. ಕಾರು ಓಡುತ್ತಿದ್ದರೆ ಎದುರುಗಾಳಿಯೇ ಸಾಕು. ನಿಂತಾಗ, ನಿಧಾನವಾಗಿ ಹೋಗುವಾಗ, ಏರು ಹತ್ತುವಾಗ ಗಾಳಿ ಸಾಲದು. ಆಗ ಬೇಕಾದದ್ದು ಫ್ಯಾನು.

ಅಂಬಾಸಿಡರಿನ ಮೂಲ ಫ್ಯಾನು ವಾಟರ್ ಪಂಪಿನ ಮೂತಿಗೆ ಬಿಗಿದದ್ದು. ಎಂಜಿನ್ನು ತಿರುಗಿದರೆ ಬೆಲ್ಟು ಅದನ್ನೂ ತಿರುಗಿಸುತ್ತದೆ. ಇದರಲ್ಲಿ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಬೆಲ್ಟು ಸಡಿಲವಾಗಬಹುದು ಅಥವಾ ಹರಿಯಬಹುದು. ಹರಿದರೆ ಚಾರ್ಜಿಂಗ್ ಕೂಡ ನಿಂತು ಕೆಂಪು ದೀಪ ಹೊತ್ತಿಕೊಂಡು ಎಚ್ಚರಿಸುತ್ತದೆ. ಅದರ ಕುಂದು ಒಂದೇ: ಎಂಜಿನ್ನು ನಿಧಾನವಾದರೆ ಫ್ಯಾನೂ ನಿಧಾನ. ಮದುವೆ ಮೆರವಣಿಗೆಯಲ್ಲಿ, ಸಂತೆಯ ಜನಜಂಗುಳಿಯಲ್ಲಿ ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ಅದು ಕಡಿಮೆ ಬೀಸುತ್ತದೆ. ಹಾಗಾಗಿ ಹಳೆಯ ಅಂಬಾಸಿಡರ್ ಇಟ್ಟುಕೊಂಡ ಅನೇಕರು ಅದನ್ನು ತೆಗೆಸಿ ಕರೆಂಟಿನ ಫ್ಯಾನು ಹಾಕಿಸಿಕೊಂಡಿದ್ದಾರೆ. ಅಬ್ಬಾ ಕೂಡ 2012ರಲ್ಲಿ ಮಾರುತಿ 800ರ ಫ್ಯಾನೊಂದನ್ನು ಹಾಕಿಸಿದರು. ನೀರು 92 ಡಿಗ್ರಿಯ ಆಸುಪಾಸು ಮುಟ್ಟಿದಾಗ ಥರ್ಮೋ ಸ್ವಿಚ್ಚು ಸೂಚನೆ ಕೊಡುತ್ತದೆ, ರಿಲೇ ಟಿಕ್ಕೆನ್ನುತ್ತದೆ, ಬ್ಯಾಟರಿಯ 12 ವೋಲ್ಟು ಮೋಟರಿಗೆ ಹರಿದು ಫ್ಯಾನು ತಿರುಗುತ್ತದೆ. ನೀರು ತಣಿದರೆ ತಾನಾಗಿ ನಿಲ್ಲುತ್ತದೆ. ಹನ್ನೊಂದು ವರ್ಷ ಅದರಿಂದ ಒಂದು ದೂರೂ ಬರಲಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಎಂದು ಸಾರಲಾಗಿತ್ತು. 2024ರ ಬೇಸಿಗೆ ಆ ಬರದ ಬೆನ್ನಿಗೇ ಬಂತು. ಲಕ್ಷ್ಮಣತೀರ್ಥ ಬತ್ತಿ ಕಲ್ಲುಗಳು ಮೇಲೆದ್ದಿದ್ದವು. ಫೆಬ್ರವರಿಯಲ್ಲೇ ಬಿಸಿಲು ಬೆನ್ನು ಸುಡುತ್ತಿತ್ತು. ಆ ತಿಂಗಳಲ್ಲೇ ಫ್ಯಾನಿನ ತಕರಾರು ಶುರುವಾಯಿತು. ತಿರುಗಬೇಕಾದ ಹೊತ್ತಿಗೆ ಒಮ್ಮೊಮ್ಮೆ ತಿರುಗುವುದಿಲ್ಲ. ಟೆಂಪರೇಚರ್ ಮುಳ್ಳು ಕೆಂಪಿನ ಕಡೆ ಏರುತ್ತದೆ, ಕಾರನ್ನು ಬದಿಗೆ ಹಾಕಿ ಕಾಯಬೇಕು. ಮರುದಿನ ಗ್ಯಾರೇಜಿಗೆ ಒಯ್ದರೆ ಅದು ಏನೂ ಆಗದಂತೆ ತಿರುಗುತ್ತದೆ. ಡಾಕ್ಟರ ಮುಂದೆ ಕೂತೊಡನೆ ಜ್ವರ ಬಿಟ್ಟುಹೋಗುವ ರೋಗಿಯಂತೆ.

ಪೂರಾ ಕೆಟ್ಟದ್ದನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಕೆಡುವುದನ್ನು ಹಿಡಿಯುವುದು ಕಷ್ಟ. ಅದು ನಮ್ಮ ಕಣ್ಣೆದುರು ಸರಿಯಾಗಿರುತ್ತದೆ. ಹಾಗಾಗಿ ಅದರ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು, ಸುಳ್ಳೆಂದು ತೋರಿಸುವ ದಾರಿ ಇರುವುದಿಲ್ಲ. ನಮಗೂ ಸಲಹೆಗಳಿಗೆ ಬರವಿರಲಿಲ್ಲ. ಬಿಸಿಲು ಹೆಚ್ಚಾಗಿದೆ ಅಷ್ಟೇ ಎಂದರು ಕೆಲವರು. ಥರ್ಮೋಸ್ಟಾಟ್ ವಾಲ್ವು ಕಿತ್ತೆಸೆಯಿರಿ, ನೀರು ಸರಾಗ ಹರಿಯುತ್ತದೆ ಎಂದರು ಇನ್ನೊಬ್ಬರು. ಮೈಸೂರಿನ ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ಒಂದು ನಿಮಿಷ ನೋಡಿ ಮೋಟರು, ರಿಲೇ, ಸ್ವಿಚ್ಚು, ರೇಡಿಯೇಟರು ಎಲ್ಲ ಬದಲಿಸಬೇಕು ಎಂದು ಪಟ್ಟಿ ಬರೆದುಕೊಟ್ಟರು. ಸಂಬಂಧಿಕರೊಬ್ಬರು, ನಜರ್ ತಗುಲಿದೆ, ಬಂಪರಿಗೆ ನಿಂಬೆಹಣ್ಣು ಕಟ್ಟಿಸಿ ಎಂದು ಮೆಲ್ಲಗೆ ಹೇಳಿದರು.

ಆ ವರ್ಷ ರಮಝಾನ್ ಮಾರ್ಚ್ ನಡುವಿನಲ್ಲಿ ಶುರುವಾಗಿ ಏಪ್ರಿಲ್ 11ರಂದು ಈದ್ ಬಂತು. ಇಫ್ತಾರ್‌ಗೆ ಒಬ್ಬರ ಮನೆಗೆ ಒಬ್ಬರು ಹೋಗುವ ದಿನಗಳು. ಫ್ಯಾನು ಆ ತಿಂಗಳು ಪದೇ ಪದೇ ನಿಂತಿತು. ಕಾರೂ ರೋಝಾ ಹಿಡಿದಿದೆ, ಮಗ್ರಿಬ್ ಹೊತ್ತಿಗೆ ಸುಸ್ತಾಗುತ್ತದೆ ಎಂದು ಮಕ್ಕಳು ನಗುತ್ತಿದ್ದರು. ಏಪ್ರಿಲ್ ಮೊದಲ ವಾರ ಆ ನಗು ನಿಂತಿತು. ಅಮ್ಮಿಯ ಹೃದಯದ ತಪಾಸಣೆ ಮುಗಿಸಿಕೊಂಡು ಭಾಯಿ ಮೈಸೂರಿನಿಂದ ಮರಳುತ್ತಿದ್ದರು. ಹಿನಕಲ್ ಕಡೆಯ ವಾಹನಗಳ ಸಾಲಿನಲ್ಲಿ ಕಾರು ಹತ್ತಿಪ್ಪತ್ತು ನಿಮಿಷ ತೆವಳಿತು. ಇಲವಾಲ ಸಮೀಪಿಸುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ ಏಳತೊಡಗಿತು. ಎಪ್ಪತ್ತು ದಾಟಿದ ಅಮ್ಮಿ ರಸ್ತೆ ಬದಿಯ ಕಲ್ಲೊಂದರ ಮೇಲೆ ಕುಳಿತರು. ಅಝಾನ್ ಕೇಳಿಸಿತು. ಎಳನೀರು ಮಾರುತ್ತಿದ್ದವರೊಬ್ಬರು ಎರಡು ಕಾಯಿ ಕೆತ್ತಿ ತಂದುಕೊಟ್ಟು ಹಣ ಬೇಡವೆಂದರು. ಆ ರಾತ್ರಿ ಭಾಯಿ ನಮಗೆಲ್ಲ ಫೋನ್ ಮಾಡಿ, "ಅಮ್ಮಿಯನ್ನು ಕೂರಿಸಿಕೊಂಡು ಇನ್ನು ಇದರಲ್ಲಿ ಹೋಗೋದಿಲ್ಲ. ಈದ್ ಕಳೆದ ಮೇಲೆ ಕೊಟ್ಟುಬಿಡೋಣ" ಎಂದರು.

ಕೊಟ್ಟುಬಿಡಲು ಕಾರಣಗಳು ಬೇಕಾದಷ್ಟಿದ್ದವು. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ 2014ರ ಮೇ ತಿಂಗಳಿನಲ್ಲೇ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತ್ತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಬಿಡಿಭಾಗ ಬೇಕೆಂದರೆ ಗುಜರಿಯಲ್ಲಿ ಹುಡುಕಬೇಕು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಆಮೇಲೆ 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಗುಜರಿಯವರು ಬಂದು ಬೆಲೆ ಹೇಳಿ ಹೋದರು.

ಕಾರು ಹೋಗುವುದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಮನೆಗೆ ಬಂದ ನೆಂಟರ ಬಾಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಕೋಟೆಯ ಕಡೆಯ ಗುಂಡಿ ರಸ್ತೆಗಳಲ್ಲಿ, ಬಟ್ಟೆ ಗಂಟು ಹೇರಿಕೊಂಡು, ಕಿರಿಯವನೇ ಕಾರನ್ನು ಹಾಳುಮಾಡಿದ್ದಾನೆ ಎಂದು. ಇದು ಯಾರೂ ನೋಡಿ ಹೇಳಿದ ಮಾತಲ್ಲ. ಕೇಳಲು ಸರಿಯೆನ್ನಿಸುವ ಮಾತು, ಅಷ್ಟೇ. ಅಂಥ ಮಾತಿಗೆ ಸಾಕ್ಷಿ ಬೇಕಾಗುವುದಿಲ್ಲ. ಅದು ಒಂದು ಇಫ್ತಾರಿನಿಂದ ಇನ್ನೊಂದು ಇಫ್ತಾರಿಗೆ ಹೋಗಿ ಅವನ ಕಿವಿಯನ್ನೂ ಮುಟ್ಟಿತು. ಅವನು ಜಗಳವಾಡಲಿಲ್ಲ. ತನ್ನ ಸರದಿ ಬಂದಾಗ, "ನನಗೆ ಬೇಡ, ಬಸ್ಸಿದೆ" ಎಂದ. ಇಷ್ಟು ವರ್ಷದಲ್ಲಿ ಸರದಿ ತಪ್ಪಿದ್ದು ಅದೇ ಮೊದಲು. ಅಮ್ಮಿ ಏನೂ ಹೇಳಲಿಲ್ಲ, ಆದರೆ ಅಂದು ಸಹರಿಗೆ ಎದ್ದವರು ಮತ್ತೆ ಮಲಗಲಿಲ್ಲ.

ಸುದ್ದಿಯೊಂದು ಬಂದರೆ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ತಿಳಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಅರ್ಥದ ಬೋಧನೆ ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ಖುತ್ಬಾಗಳಲ್ಲಿ ಇದನ್ನು ನಾವೆಲ್ಲ ಕೇಳಿದ್ದೇವೆ. ಊರಿನ ಗಲಭೆ, ಪತ್ರಿಕೆಯ ಸುದ್ದಿ, ಮೊಬೈಲಿನಲ್ಲಿ ಬರುವ ವಿಡಿಯೋಗಳ ಸಂದರ್ಭದಲ್ಲಿ ಇದನ್ನು ನೆನೆಯುತ್ತೇವೆ. ಮನೆಯ ಪಡಸಾಲೆಯಲ್ಲಿ ಹುಟ್ಟುವ ಸುದ್ದಿಗೂ ಇದು ಅನ್ವಯಿಸುತ್ತದೆ.

ಪರಿಶೀಲನೆಗೆ ಸಾಧನ ನಮ್ಮಲ್ಲೇ ಇತ್ತು. ಅಬ್ಬಾರ ಪುಸ್ತಕ. ಕಾರು ಓಡಿಸಿದವರು ದಿನಾಂಕ, ಕಿಲೋಮೀಟರು, ಪೆಟ್ರೋಲು ಬರೆಯುವ ರೂಢಿ ಅವರ ನಂತರವೂ ನಿಂತಿರಲಿಲ್ಲ. ಈದ್‌ನ ದಿನ ಎಲ್ಲರೂ ಹುಣಸೂರಿನ ಮನೆಯಲ್ಲಿ ಸೇರಿದ್ದೆವು. ಊಟವಾದ ಮೇಲೆ ಆ ಪುಸ್ತಕ ತೆರೆದು, ಫ್ಯಾನು ಎಲ್ಲಿ ನಿಂತಿತು, ಯಾವ ಹೊತ್ತಿನಲ್ಲಿ ನಿಂತಿತು, ಆಗ ಕಾರಿನಲ್ಲಿ ಏನೇನು ಚಾಲೂ ಇತ್ತು ಎಂಬುದನ್ನು ಒಬ್ಬೊಬ್ಬರ ಬಾಯಿಂದ ಕೇಳಿ ಬರೆದುಕೊಂಡೆವು. ಕಾರಣ ಹೇಳುವ ಹಾಗಿಲ್ಲ, ಕಂಡದ್ದನ್ನು ಮಾತ್ರ ಹೇಳಬೇಕು ಎಂಬ ನಿಯಮ ಹಾಕಿಕೊಂಡೆವು.

ಭಾಯಿಯ ಹೇಳಿಕೆ: ಹುಣಸೂರಿನೊಳಗೆ ಹಗಲು ಒಮ್ಮೆಯೂ ನಿಂತಿಲ್ಲ, ಮಟಮಟ ಮಧ್ಯಾಹ್ನ ಪೇಟೆ ಬೀದಿಯಲ್ಲಿ ಸಿಕ್ಕಿಕೊಂಡಾಗಲೂ ತಿರುಗಿದೆ. ನಿಂತದ್ದು ಮೂರು ಸಲ, ಮೂರೂ ಸಂಜೆ. ಕೆ.ಆರ್. ನಗರದವನ ಹೇಳಿಕೆ: ಮದುವೆ ಮೆರವಣಿಗೆಯೊಂದರಲ್ಲಿ ರಾತ್ರಿ ಎಂಟರ ಮೇಲೆ ನಿಂತಿತು, ಹೆಡ್‌ಲೈಟೂ ಮಂಕಾಗಿತ್ತು. ಕಿರಿಯವನ ಹೇಳಿಕೆ: ಅಂತರಸಂತೆಯಿಂದ ಕತ್ತಲಲ್ಲಿ ಬರುವಾಗ ನಿಂತಿತು, ಗುಂಡಿಯೊಂದಕ್ಕೆ ಚಕ್ರ ಇಳಿದು ಎದ್ದೊಡನೆ ಮತ್ತೆ ತಿರುಗಿತು. ಗುಂಡಿಯಿಂದ ಫ್ಯಾನು ಕೆಡುವುದು ಹಾಗಿರಲಿ, ಗುಂಡಿ ಅದನ್ನು ಸರಿಮಾಡಿತ್ತು!

ಅಲ್ಲಿಗೆ ಮೂವರು ಚಾಲಕರದ್ದೂ ಮುಗಿಯಿತು. ಪುಸ್ತಕ ಮುಚ್ಚುವ ಮೊದಲು ಆಪಾ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಪಾ ಕಾರು ಓಡಿಸುವವರಲ್ಲ. ಓಡಿಸದವರು ಆ ಪುಸ್ತಕದಲ್ಲಿ ಬರೆದದ್ದು ಅಬ್ಬಾರ ಕಾಲದಿಂದಲೂ ಇಲ್ಲ. ಅವರು ಉರ್ದುವಿನಲ್ಲಿ ಎರಡು ಸಾಲು ಬರೆದರು. ಎಡಕ್ಕೋ ಬಲಕ್ಕೋ ತಿರುಗುವ ದೀಪ ಮಿಟುಕಿದಾಗಲೆಲ್ಲ ಫ್ಯಾನಿನ ಸದ್ದು ಕುಗ್ಗುತ್ತದೆ, ದೀಪ ಆರಿದಾಗ ಏರುತ್ತದೆ. ಟಿಕ್ ಟಿಕ್ ಜೊತೆಗೇ ಹೂಂ ಹೂಂ ಎಂದು ಉಸಿರಾಡಿದಂತೆ ಕೇಳುತ್ತದೆ.

ಆಪಾರ ಕಿವಿಗೆ ಇದು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಸೇರಿದ ಮನೆ ಹೊಗೆಸೊಪ್ಪು ಬೆಳೆಯುವವರದು. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಬ್ಯಾರನ್ ಎಂದರೆ ಗೊತ್ತಿಲ್ಲದವರಿಲ್ಲ. ಎಲೆ ಕಟ್ಟಿದ ಕೋಲುಗಳನ್ನು ಒಳಗೆ ತುಂಬಿ ಐದಾರು ದಿನ, 35 ಡಿಗ್ರಿಯ ಆಸುಪಾಸಿನಿಂದ 70ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಶಾಖ ಏರಿಸಬೇಕು. ಒಂದು ರಾತ್ರಿ ನಿದ್ದೆ ಹತ್ತಿ ಉರಿ ಹೆಚ್ಚಿದರೆ ಆ ಮನೆಯ ಅಷ್ಟೂ ಎಲೆ ಬಣ್ಣಗೆಟ್ಟು ಹರಾಜು ಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಇಪ್ಪತ್ತೈದು ವರ್ಷ ಬ್ಯಾರನ್ ಮುಂದೆ ರಾತ್ರಿ ಕಾದವರಿಗೆ ಉರಿಯ ಸದ್ದಿನಲ್ಲಿ ಆಗುವ ಸಣ್ಣ ಬದಲಾವಣೆಯೂ ತಿಳಿಯುತ್ತದೆ. ಸ್ಟೀರಿಂಗ್ ಹಿಡಿದವರ ಗಮನ ರಸ್ತೆಯ ಮೇಲಿರುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಕೇಳಿಸಿಕೊಳ್ಳಲು ಬಿಡುವಿರುತ್ತದೆ.

ಈದ್‌ನ ಮೂರನೆಯ ದಿನ ಆ ಪುಸ್ತಕದ ಸಮೇತ ಹುಣಸೂರಿನ ಉಸ್ತಾದರ ಬಳಿ ಹೋದೆವು. ನಮ್ಮ ಕಡೆ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕನ್ನು ಉಸ್ತಾದ್ ಎನ್ನುವುದು ಮುಸ್ಲಿಮರಷ್ಟೇ ಅಲ್ಲ, ಗೌಡರೂ ನಾಯಕರೂ ಆಚಾರರೂ ಹಾಗೆಯೇ ಕರೆಯುತ್ತಾರೆ. ಉಸ್ತಾದರು ಓದಿದ್ದು ಏಳನೆಯ ತರಗತಿ. ಕನ್ನಡಕ ಹಾಕಿಕೊಂಡು ಪುಟ ಓದಿದರು, ಉರ್ದುವಿನ ಎರಡು ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಬರೆದೋರು ಯಾರು?" ಎಂದು ಕೇಳಿದರು. ಹೇಳಿದೆವು. "ಅರ್ಧ ಕೆಲಸ ಅವರೇ ಮಾಡವ್ರೆ. ಗ್ಯಾರೇಜಿಗೆ ಕಾರು ಬರೋದು ಹಗಲು, ಕೆಡೋದು ರಾತ್ರಿ. ಈಗ ರಾತ್ರೀನ ಇಲ್ಲಿಗೆ ತರಬೇಕು" ಎಂದರು.

ಹಾಗೆಂದು ಅವರು ನೇರವಾಗಿ ಅಲ್ಲಿಗೇ ಕೈ ಹಾಕಲಿಲ್ಲ. ಅವರ ಕ್ರಮವನ್ನು ಬರೆದಿಟ್ಟುಕೊಂಡಿದ್ದೇವೆ. ಹಳೆಯ ಕಾರಿರುವ ಓದುಗರಿಗೆ ಉಪಯೋಗವಾದೀತು.

ಮೊದಲು ಬ್ಯಾಟರಿಯ ಒಂದು ವೈರು ಬಿಚ್ಚಿ ಫ್ಯಾನನ್ನು ಕೈಯಿಂದ ತಿರುಗಿಸಿದರು. ಬಿಚ್ಚಿದ್ದು ಯಾಕೆಂದರೆ ಬಿಸಿ ಎಂಜಿನ್ನಿನಲ್ಲಿ ಫ್ಯಾನು ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಿ ಬೆರಳು ಕತ್ತರಿಸಬಹುದು. ಎಲೆಗಳು ಸಲೀಸಾಗಿ ತಿರುಗಿದವು, ಬೇರಿಂಗ್ ಸರಿಯಿದೆ. ಎರಡನೆಯದು, ಮೋಟರಿನ ಎರಡು ವೈರನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರು. ಫ್ಯಾನು ಭರ್ರೆಂದಿತು. ಮೋಟರೂ ಸರಿಯಿದೆ. ಬದಲಿಸಬೇಕೆಂದು ಪಟ್ಟಿಯಲ್ಲಿ ಮೊದಲು ಬರೆದಿದ್ದದ್ದು ಅದನ್ನೇ. ಮೂರನೆಯದು ಫ್ಯೂಸು. ಫ್ಯೂಸು ಉರಿದಿರಲಿಲ್ಲ, ಅದು ಕೂರುವ ಜಾಗದ ಹಸಿರು ಕಿಲುಬನ್ನು ಮರಳು ಕಾಗದದಿಂದ ಉಜ್ಜಿದರು. ನಾಲ್ಕನೆಯದು ರಿಲೇ. ಅದೇ ಅಳತೆಯ ಹಾರ್ನಿನ ರಿಲೇಯನ್ನು ಅಲ್ಲಿ ಕೂರಿಸಿ ನೋಡಿದರು, ವ್ಯತ್ಯಾಸವಿಲ್ಲ.

ಐದನೆಯದು ಥರ್ಮೋ ಸ್ವಿಚ್ಚು. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಸ್ಟವ್ ಹಚ್ಚಿ, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದರು. ಬಾಯ್ತೆರೆದ ಪಾತ್ರೆಯಲ್ಲಿ ಈ ಪರೀಕ್ಷೆಗೆ ಅವಕಾಶ ಕಡಿಮೆ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ರೇಡಿಯೇಟರಿನೊಳಗೆ ಹಾಗಲ್ಲ, ಕ್ಯಾಪಿನ ಒತ್ತಡದಿಂದ ನೀರು ನೂರು ದಾಟಿದರೂ ಕುದಿಯದೆ ನಿಲ್ಲುತ್ತದೆ. ಬಿಸಿಯಿರುವಾಗ ಕ್ಯಾಪ್ ತೆಗೆದವರ ಮುಖ ಸುಡುವುದು ಇದೇ ಕಾರಣಕ್ಕೆ, ತೆಗೆದೊಡನೆ ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಇರಲಿ. 92ಕ್ಕೆ ಟೆಸ್ಟ್ ಲ್ಯಾಂಪ್ ಹೊತ್ತಿಕೊಂಡಿತು. ಸ್ವಿಚ್ಚಿನಲ್ಲೂ ತಪ್ಪಿಲ್ಲ.

ಎಲ್ಲ ಭಾಗವೂ ಸರಿ, ಆದರೂ ಫ್ಯಾನು ನಿಲ್ಲುತ್ತದೆ. ಆಗ ಉಸ್ತಾದರು ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಎಂಜಿನ್ನು ಬಿಸಿ ಮಾಡಿ, ಫ್ಯಾನು ತಿರುಗುತ್ತಿರುವಾಗ ಆ ಹಗಲಿನಲ್ಲೇ ಹೆಡ್‌ಲೈಟ್ ಹಾಕಿದರು. ಫ್ಯಾನಿನ ಸದ್ದು ಕುಸಿಯಿತು. ಇಂಡಿಕೇಟರ್ ಹಾಕಿದರು. ಆಪಾ ಬರೆದ ಹಾಗೆಯೇ ಹೂಂ ಹೂಂ ಎಂದಿತು. ಬಾನೆಟ್ಟಿನ ಅಂಚನ್ನು ಒಮ್ಮೆ ಗುದ್ದಿದರು. ಫ್ಯಾನು ಪೂರ್ತಿ ನಿಂತು, ಇನ್ನೊಮ್ಮೆ ಗುದ್ದಿದಾಗ ತಿರುಗಿತು.

ಕಾರಿನಲ್ಲಿ ಪ್ರತಿಯೊಂದು ದೀಪಕ್ಕೂ ಮೋಟರಿಗೂ ಕರೆಂಟು ಹೋಗುವುದು ಒಂದು ವೈರಿನಲ್ಲಿ. ಮರಳಿ ಬರುವುದು ಕಾರಿನ ಕಬ್ಬಿಣದ ಮೈಯ ಮೂಲಕ, ಅದನ್ನೇ ಅರ್ಥಿಂಗ್ ಎನ್ನುತ್ತಾರೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಮರಳುವ ದಾರಿಯನ್ನು ಯಾರೂ ನೋಡುವುದಿಲ್ಲ. ನಮ್ಮ ಕಾರಿನಲ್ಲಿ ಫ್ಯಾನು, ಎರಡು ಹೆಡ್‌ಲೈಟು, ಮುಂದಿನ ಇಂಡಿಕೇಟರುಗಳು ಎಲ್ಲದರ ಅರ್ಥಿಂಗ್ ವೈರು ರೇಡಿಯೇಟರಿನ ಪಕ್ಕದ ಒಂದೇ ಬೋಲ್ಟಿಗೆ ಬಂದು ಸೇರಿತ್ತು. ನೂರು ವ್ಯಾಟಿನ ಫ್ಯಾನು ಎಂಟು ಆಂಪಿಯರಿನಷ್ಟು ಎಳೆಯುತ್ತದೆ, ಹೆಡ್‌ಲೈಟುಗಳು ಸೇರಿದರೆ ಅದು ದುಪ್ಪಟ್ಟು. ಬೋಲ್ಟು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಇದೇನೂ ದೊಡ್ಡದಲ್ಲ. ಉಸ್ತಾದರು ಮೀಟರಿನ ಒಂದು ಕಡ್ಡಿಯನ್ನು ಫ್ಯಾನಿನ ಅರ್ಥಿಂಗಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಇಟ್ಟರು. ಅಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಫ್ಯಾನು ಒಂದೇ ತಿರುಗುವಾಗ ಒಂದೂವರೆ ತೋರಿಸಿತು, ದೀಪ ಹಾಕಿದೊಡನೆ ಮೂರೂವರೆ. 12 ವೋಲ್ಟಿನಲ್ಲಿ ಮೂರೂವರೆ ಆ ಬೋಲ್ಟಿನಲ್ಲೇ ಸೋರಿಹೋಗುತ್ತಿತ್ತು. ಒಂದು ದಪ್ಪ ವೈರಿನಿಂದ ಫ್ಯಾನಿನ ಅರ್ಥಿಂಗನ್ನು ನೇರ ಬ್ಯಾಟರಿಗೆ ಮುಟ್ಟಿಸಿದರು. ದೀಪ, ಇಂಡಿಕೇಟರು, ಹಾರ್ನು ಎಲ್ಲ ಹಾಕಿದರೂ ಫ್ಯಾನಿನ ಸದ್ದು ಅಲುಗಲಿಲ್ಲ.

ಬೋಲ್ಟು ಬಿಚ್ಚಿದಾಗ ಅದರಡಿ ಕಂಡದ್ದು ಬಣ್ಣ. 2021ರ ನೋಂದಣಿ ನವೀಕರಣಕ್ಕೆ ಮೊದಲು ಕಾರಿಗೆ ಟಿಂಕರಿಂಗ್, ಪೇಂಟಿಂಗ್ ಆಗಿತ್ತು. ಬಣ್ಣ ಹೊಡೆದವರು ತಗಡು ಕೆರೆಯದೆ, ಬಣ್ಣದ ಮೇಲೆಯೇ ವೈರುಗಳನ್ನಿಟ್ಟು ಬೋಲ್ಟು ಬಿಗಿದಿದ್ದರು. ಬೋಲ್ಟಿನ ಮರೆ ಮಾತ್ರ ಒಂದಿಷ್ಟು ಕಬ್ಬಿಣವನ್ನು ಮುಟ್ಟಿಕೊಂಡು ಮೂರು ವರ್ಷ ಕೆಲಸ ನಡೆಸಿತ್ತು. ಅಷ್ಟರಲ್ಲಿ ಬಣ್ಣದಡಿ ತುಕ್ಕು ಹಬ್ಬಿತು. ಹೊರಗಿನಿಂದ ನೋಡಿದರೆ ಕಾರಿನ ಅತ್ಯಂತ ಚೆಂದದ ಭಾಗ ಅದೇ ಆಗಿತ್ತು, ಬೆಳ್ಳಗೆ ಹೊಳೆಯುತ್ತಿತ್ತು.

ರಿಪೇರಿ ಅರ್ಧ ಗಂಟೆಯ ಕೆಲಸ. ತಗಡನ್ನು ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ, ಹೊಸ ಬೋಲ್ಟು ಬಿಗಿದು, ನೀರು ಸೋಕದಂತೆ ಮೇಲೆ ಗ್ರೀಸ್ ಬಳಿದರು. ಫ್ಯಾನಿಗೆ ಬ್ಯಾಟರಿಯಿಂದಲೇ ಪ್ರತ್ಯೇಕ ಅರ್ಥಿಂಗ್ ವೈರು ಎಳೆದರು. ವೈರು, ಬೋಲ್ಟು, ವಾಷರ್ ಎಲ್ಲ ಸೇರಿ ನೂರೈವತ್ತು ರೂಪಾಯಿ. ತಮ್ಮ ಕೂಲಿ ಇಷ್ಟು ಎಂದು ಉಸ್ತಾದರು ಹೇಳಲಿಲ್ಲ, ಕೊಟ್ಟದ್ದನ್ನು ಎಣಿಸದೆ ಜೇಬಿಗಿಟ್ಟುಕೊಂಡರು.

ಈಗ ಯೋಚಿಸಿದರೆ, ಈ ದೋಷವನ್ನು ನಮ್ಮಲ್ಲಿ ಯಾರೊಬ್ಬರೂ ಒಂಟಿಯಾಗಿ ಹಿಡಿಯಲಾಗುತ್ತಿರಲಿಲ್ಲ. ಸಂಜೆ ಎಂಬುದು ಹುಣಸೂರಿನಲ್ಲಿತ್ತು, ಮಂಕು ದೀಪ ಕೆ.ಆರ್. ನಗರದಲ್ಲಿತ್ತು, ಗುಂಡಿ ಕೋಟೆಯಲ್ಲಿತ್ತು, ಸದ್ದು ಪಿರಿಯಾಪಟ್ಟಣದಲ್ಲಿತ್ತು. ನಾಲ್ಕೂ ಒಂದೇ ಪುಟದಲ್ಲಿ ಬಂದು ಕೂತಾಗ ಉಸ್ತಾದರಿಗೆ ದಾರಿ ಕಂಡಿತು. ಕೆಟ್ಟಿದ್ದ ಭಾಗ ಒಂದೂ ಇರಲಿಲ್ಲ. ಭಾಗಗಳು ಬಂದು ಸೇರುವ ಜಾಗ ಸಡಿಲವಾಗಿತ್ತು. ಕೂಡು ಕುಟುಂಬಗಳಲ್ಲಿ, ಮೊಹಲ್ಲಾಗಳಲ್ಲಿ, ಊರುಗಳಲ್ಲಿ ಏನಾದರೂ ಕೆಟ್ಟಾಗ ನಾವು ಹುಡುಕುವುದು ಬದಲಿಸಬಹುದಾದ, ಬೊಟ್ಟು ಮಾಡಬಹುದಾದ ಒಬ್ಬ ಮನುಷ್ಯನನ್ನು. ದೂರದ ಊರಿನವನು, ಕಿರಿಯವನು, ಬಡವನು, ಬೇರೆ ಮತದವನು ಸುಲಭವಾಗಿ ಕೈಗೆ ಸಿಗುತ್ತಾನೆ. ಜೋಡಣೆಯ ಜಾಗ ಬಣ್ಣದಡಿ ಇರುತ್ತದೆ, ಅದನ್ನು ಕೆರೆದು ನೋಡಲು ತಾಳ್ಮೆ ಬೇಕು.

ಉಸ್ತಾದರಂಥವರು ನಮ್ಮ ಸಣ್ಣ ಪಟ್ಟಣಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರ ಮಗ ಬೇರೆ ಊರಿನ ಷೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಕಂಪ್ಯೂಟರನ್ನು ಕಾರಿಗೆ ಸಿಕ್ಕಿಸಿದರೆ ದೋಷದ ಸಂಖ್ಯೆ ತೆರೆಯ ಮೇಲೆ ಬರುತ್ತದೆಯಂತೆ. ಹೊಸ ಕಾರುಗಳಿಗೆ ಅದೇ ಸರಿ. ಹಳೆಯದನ್ನು ಇಟ್ಟುಕೊಂಡವರು ಇನ್ನೂ ಕಿವಿ, ಕೈ, ಒಂದು ಟೆಸ್ಟ್ ಲ್ಯಾಂಪ್ ಮತ್ತು ಕ್ರಮವಾಗಿ ಯೋಚಿಸುವ ಮನಸ್ಸು ಇರುವವರನ್ನೇ ಹುಡುಕಿಕೊಂಡು ಹೋಗಬೇಕು.

ಕಾರು ಗುಜರಿಗೆ ಹೋಗಲಿಲ್ಲ. ಕಿರಿಯವನು ಕೀಲಿ ತೆಗೆದುಕೊಂಡು ಹೋಗಲು ಒಪ್ಪಲು ಇನ್ನೂ ಎರಡು ತಿಂಗಳು ಹಿಡಿಯಿತು. ಮಾತಿನ ಗಾಯಕ್ಕೆ ಅರ್ಧ ಗಂಟೆಯ ರಿಪೇರಿ ಇಲ್ಲ. ಬಕ್ರೀದ್ ಕಳೆದ ಮೇಲೆ ಅಮ್ಮಿಯೇ ಬಸ್ಸು ಹತ್ತಿ ಕೋಟೆಗೆ ಹೋಗಿ ಅವನ ಕೈಯಲ್ಲಿ ಕೀಲಿ ಇಟ್ಟು ಬಂದರು. ನೆಂಟರು ತಾವಾಡಿದ ಮಾತನ್ನು ಮರೆತಿದ್ದರು. ನೆನಪಿಸುವುದು ಬೇಡ ಎಂದರು ಅಮ್ಮಿ.

2021ರಲ್ಲಿ ನವೀಕರಣವಾದ ನೋಂದಣಿಯ ಮುಂದಿನ ಸರದಿ 2026ರದು. ಆ ಹತ್ತು ಸಾವಿರವನ್ನು ಎಂಟು ಪಾಲಿನ ಲೆಕ್ಕದಲ್ಲೇ ಹಾಕಬೇಕು ಎಂದು ಆಪಾ ಹೇಳಿದ್ದಾರೆ, ಅವರ ಪಾಲು 1,250. ಅಬ್ಬಾರ ಪುಸ್ತಕ ಈಗಲೂ ಡ್ಯಾಶ್‌ಬೋರ್ಡಿನಲ್ಲಿದೆ. ಅದರಲ್ಲಿ ಕಿಲೋಮೀಟರು, ಪೆಟ್ರೋಲಿನ ಪಕ್ಕದಲ್ಲಿ "ಕೇಳಿಸಿದ್ದು" ಎಂದು ಇನ್ನೊಂದು ಕಾಲಂ ಎಳೆದಿದ್ದೇವೆ. ಅದನ್ನು ಕಾರಿನಲ್ಲಿ ಕೂತವರು ಯಾರು ಬೇಕಾದರೂ ತುಂಬಬಹುದು.